ಕೇಳಿಸಿಕೊಂಡಿದ್ದು ಸಾಕು, ಬರೆಯಲಿ: ಎಸ್ಸೆಸ್ಸೆಲ್ಸಿಗೆ ಹಳ್ಳಿ ಪ್ರೌಢಶಾಲೆಯ ತಯಾರಿ, ಜೂನ್‌ನಿಂದ ಫಲಿತಾಂಶದವರೆಗೆ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಹಳ್ಳಿ ಪ್ರೌಢಶಾಲೆಗಳಲ್ಲಿ ಹತ್ತನೇ ತರಗತಿಗೆ ಪಾಠ ಮಾಡುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸದಸ್ಯರು, ಈ ವರ್ಷ ಮಗಳನ್ನೋ ಮಗನನ್ನೋ ಪರೀಕ್ಷೆಗೆ ಕೂರಿಸುವ ಪಾಲಕರು ಓದಿದರೂ ಉಪಯೋಗವಾಗುತ್ತದೆ.

2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾ ಇಟ್ಟು ನೇರವಾಗಿ ನೋಡುವ ವ್ಯವಸ್ಥೆ ಬಂತು. ಆ ವರ್ಷ ಕೃಪಾಂಕ ಜಾಸ್ತಿ ಕೊಟ್ಟ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಕೊಠಡಿಯಲ್ಲಿ ಯಾರೂ ಸಹಾಯಕ್ಕೆ ಬರದಿದ್ದಾಗ ಮಗುವಿಗೆ ಎಷ್ಟು ಬರುತ್ತದೆ ಎಂಬುದು ಎಲ್ಲರಿಗೂ ಕಂಡಿತು. ಅದೇ ವರ್ಷ ಮುಧೋಳ ತಾಲ್ಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ 625ಕ್ಕೆ 625 ತೆಗೆದು ಇಡೀ ರಾಜ್ಯಕ್ಕೆ ಮೊದಲಿಗಳಾದಳು. ರೈತರ ಮನೆಯ ಹುಡುಗಿ, ಸರ್ಕಾರಿ ವಸತಿ ಶಾಲೆ, ಕನ್ನಡ ನಾಡಿನ ಒಂದು ಹಳ್ಳಿ. ಹಾಗಾಗಿ "ನಮ್ಮ ಕಡೆ ಹುಡುಗ್ರ ಕೈಲೆ ಆಗಂಗಿಲ್ಲ ಬಿಡ್ರಿ" ಎನ್ನುವ ಮಾತಿಗೆ ಸ್ಟಾಫ್ ರೂಮಿನಲ್ಲಿ ಜಾಗ ಕೊಡಬಾರದು.

ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ನಮ್ಮ ಮಕ್ಕಳು ಪಾಠ ಕೇಳುವುದು ಜಾಸ್ತಿ, ತಾವಾಗಿ ಬರೆಯುವುದು ತೀರಾ ಕಡಿಮೆ. ಬೋರ್ಡ್ ನೋಡಿ ಬರೆದುಕೊಳ್ಳುತ್ತಾರೆ, ಗೈಡ್ ನೋಡಿ ಬರೆಯುತ್ತಾರೆ. ಪುಸ್ತಕ ಮುಚ್ಚಿ, ಪ್ರಶ್ನೆ ಓದಿ, ಯೋಚಿಸಿ ನಾಲ್ಕು ಸಾಲು ಬರೆಯುವ ಅವಕಾಶ ಹೆಚ್ಚಿನವರಿಗೆ ಮೊದಲ ಸಲ ಸಿಗುವುದು ಜನವರಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ. ಆಗ ತಡವಾಗಿರುತ್ತದೆ. ಕೆಳಗಿನ ಎಲ್ಲ ಹೆಜ್ಜೆಗಳೂ ಆ ಬರೆಯುವ ಸಮಯವನ್ನು ಹೆಚ್ಚಿಸುವುದಕ್ಕಾಗಿಯೇ ಇವೆ.

ಹೆಜ್ಜೆ 1: ಜೂನ್‌ನಲ್ಲೇ ಪ್ರತಿ ಮಗುವಿನ ನಿಜವಾದ ಮಟ್ಟ ತಿಳಿಯಿರಿ

ವರ್ಷದ ಆರಂಭದಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಗಳ ಕಲಿಕೆಯನ್ನು ನೋಡಿ ಸರಿಪಡಿಸುವ ಕಾರ್ಯಕ್ರಮ, ಇದ್ದೇ ಇರುತ್ತದೆ. ಅದನ್ನು ದಾಖಲೆಗಾಗಿ ಮುಗಿಸಬೇಡಿ. ಇಡೀ ವರ್ಷದ ಕೆಲಸಕ್ಕೆ ಅದೇ ತಳಪಾಯ.

ಪ್ರತಿ ಮಗುವನ್ನು ಒಬ್ಬೊಬ್ಬರಾಗಿ ಕರೆದು ಐದನೇ ತರಗತಿಯ ಕನ್ನಡ ಪುಸ್ತಕದ ಒಂದು ಪ್ಯಾರಾ ಓದಿಸಿ. ಓದಿದ್ದರ ಬಗ್ಗೆ ಐದು ವಾಕ್ಯ ಬರೆಸಿ. ಇಂಗ್ಲಿಷಿನ ಐದು ಸಣ್ಣ ವಾಕ್ಯ ಓದಿಸಿ. ಆಮೇಲೆ ಮೂರು ಲೆಕ್ಕ: 816 ಭಾಗಿಸು 8, ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸು, ಋಣ 7ಕ್ಕೆ 3 ಕೂಡಿಸು. ಇಷ್ಟು ಸಾಕು. ಒಬ್ಬರಿಗೆ ಹತ್ತು ನಿಮಿಷ ಹಿಡಿಯುತ್ತದೆ. ಎಲ್ಲ ವಿಷಯ ಶಿಕ್ಷಕರೂ ಹಂಚಿಕೊಂಡರೆ ಒಂದು ವಾರದೊಳಗೆ ಮುಗಿಯುತ್ತದೆ.

ಉತ್ತರ ಸರಿಯೋ ತಪ್ಪೋ ಎಂದು ಟಿಕ್ ಹಾಕಿ ಬಿಡಬೇಡಿ. ಯಾವ ತಪ್ಪು ಎಂದು ಬರೆದುಕೊಳ್ಳಿ. 816 ಭಾಗಿಸು 8ಕ್ಕೆ 12 ಎಂದು ಬರೆದ ಮಗುವಿಗೆ ಭಾಗಾಕಾರದ ಕ್ರಮ ಬರುತ್ತದೆ, ನಡುವೆ ಸೊನ್ನೆ ಇಡಬೇಕೆಂದು ಗೊತ್ತಿಲ್ಲ. ಅರ್ಧ ಮತ್ತು ಮೂರನೇ ಒಂದು ಕೂಡಿಸಿದರೆ ಐದರಲ್ಲಿ ಎರಡು ಎಂದವನು ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆ ಕೂಡಿಸಿದ್ದಾನೆ. ಇವರಿಬ್ಬರಿಗೂ "ಗಣಿತ ಬರಂಗಿಲ್ಲ" ಎಂಬ ಒಂದೇ ಹಣೆಪಟ್ಟಿ ಕಟ್ಟಿದರೆ ಇಬ್ಬರಿಗೂ ಅನ್ಯಾಯ. ಒಬ್ಬನಿಗೆ ಒಂದು ದಿನದ ಕೆಲಸ, ಇನ್ನೊಬ್ಬನಿಗೆ ಎರಡು ವಾರದ್ದು.

ಒಂದು ದಪ್ಪ ರಿಜಿಸ್ಟರ್ ಮಾಡಿ. ಮಗುವಿಗೊಂದು ಪುಟ. ಓದು, ಬರಹ, ಲೆಕ್ಕದ ಸ್ಥಿತಿಯ ಜೊತೆಗೆ ಮನೆಯ ಸ್ಥಿತಿಯೂ ಅಲ್ಲಿರಲಿ: ಅಪ್ಪ ಅವ್ವ ಊರಲ್ಲಿದ್ದಾರೋ ಕಬ್ಬಿನ ಕಟಾವಿಗೆ ಹೋಗುತ್ತಾರೋ, ಮಗು ಅಜ್ಜಿಯ ಮನೆಯಲ್ಲಿದೆಯೋ, ಸಂಜೆ ಮನೆಯಲ್ಲಿ ಯಾವ ಕೆಲಸ, ಯಾವ ಬಸ್ಸಿಗೆ ಬರುತ್ತದೆ. ಈ ರಿಜಿಸ್ಟರ್ ಮುಖ್ಯ ಶಿಕ್ಷಕರ ಕಪಾಟಿನಲ್ಲಿ ಕೂರದೆ ಎಲ್ಲರ ಕೈಗೂ ಸಿಗುವಂತಿರಲಿ.

ಮಕ್ಕಳನ್ನು ಮೂರು ಗುಂಪು ಮಾಡುವುದು ಅನಿವಾರ್ಯ. ಆದರೆ ಆ ಪಟ್ಟಿ ನಿಮ್ಮ ಬಳಿ ಇರಲಿ, ಗೋಡೆಯ ಮೇಲೆ ಬೇಡ. "ನಿಧಾನ ಕಲಿಕೆಯವರು ಎದ್ದು ಆ ಕಡೆ ಕೂರಿ" ಎಂದು ತರಗತಿಯಲ್ಲಿ ಕೂಗಿದ ದಿನವೇ ಆ ಮಗು ಒಳಗಿಂದ ಶಾಲೆ ಬಿಟ್ಟಿರುತ್ತದೆ.

ದಾಖಲೆಯ ಕೆಲಸವನ್ನೂ ಇದೇ ತಿಂಗಳು ಶುರು ಮಾಡಿ. ಎಸ್‌ಎಟಿಎಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಹೆಸರು, ತಂದೆ ತಾಯಿಯ ಹೆಸರು, ಹುಟ್ಟಿದ ದಿನ, ಮಾಧ್ಯಮ, ಭಾಷೆಗಳು ಸರಿಯಾಗಿವೆಯೇ ನೋಡಿ. ಬರೆಯಲು ಸಹಾಯಕರು ಅಥವಾ ಹೆಚ್ಚುವರಿ ಸಮಯ ಬೇಕಾದ ಅಂಗವಿಕಲ ಮಕ್ಕಳಿದ್ದರೆ ವೈದ್ಯಕೀಯ ಪ್ರಮಾಣಪತ್ರಕ್ಕೆ ಈಗಲೇ ಓಡಾಡಿ. ಮಾರ್ಚ್‌ನಲ್ಲಿ ಓಡಾಡಿದರೆ ಮಗುವಿಗೆ ನಷ್ಟ.

ಹೆಜ್ಜೆ 2: ಪ್ರಶ್ನೆಪತ್ರಿಕೆಯನ್ನು ಮಕ್ಕಳ ಕೈಗೇ ಕೊಟ್ಟು ಬಿಚ್ಚಿಸಿ

ಆರು ವಿಷಯ, ಒಟ್ಟು 625 ಅಂಕ. ಪ್ರಥಮ ಭಾಷೆಗೆ 125: ಲಿಖಿತ 100, ಆಂತರಿಕ 25. ಉಳಿದ ಐದಕ್ಕೆ ತಲಾ 100: ಲಿಖಿತ 80, ಆಂತರಿಕ 20. ಇದು ಶಿಕ್ಷಕರಿಗೆ ಬಾಯಿಪಾಠ, ಎಷ್ಟೋ ಮಕ್ಕಳಿಗೆ ಡಿಸೆಂಬರ್‌ವರೆಗೂ ಗೊತ್ತಿರುವುದಿಲ್ಲ. ಜುಲೈನಲ್ಲಿ ಹಿಂದಿನ ವರ್ಷದ ಗಣಿತ ಪತ್ರಿಕೆಯನ್ನು ಇಬ್ಬರಿಗೊಂದು ಕೊಟ್ಟು ಎಣಿಸಲು ಹೇಳಿ. 38 ಪ್ರಶ್ನೆ: ಬಹು ಆಯ್ಕೆಯವು 8, ಒಂದು ಅಂಕದವು 8, ಎರಡು ಅಂಕದವು 8, ಮೂರರವು 9, ನಾಲ್ಕರವು 4, ಐದರದು 1. ಕೂಡಿಸಿದರೆ 80. ಎಣಿಸಿ ಮುಗಿಸಿದ ಮೇಲೆ ಮಕ್ಕಳೇ ಹೇಳುತ್ತಾರೆ: "ಸರ್, ಒಂದು, ಎರಡು ಮಾರ್ಕ್ಸಿನವೇ ಸೇರಿ 32 ಅದಾವಲ್ರೀ!" ಗಣಿತದ ಗಾಬರಿ ಅಷ್ಟಕ್ಕೇ ಅರ್ಧ ಇಳಿಯುತ್ತದೆ.

ಪಾಸಿನ ನಿಯಮವನ್ನೂ ಹೇಳಿ. ಒಟ್ಟು 625ಕ್ಕೆ 206, ಅಂದರೆ ಶೇ 33, ಜೊತೆಗೆ ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಎಂದು ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಮೊದಲು ಪಾಸಿಗೆ ಶೇ 35 ಬೇಕಿತ್ತು. ಆದರೆ ಯಾವ ಮಗುವಿಗೂ 30 ಅನ್ನು ಗುರಿಯಾಗಿ ಕೊಡಬೇಡಿ. ತೀರಾ ಹಿಂದಿರುವವರಿಗೂ ಲಿಖಿತದಲ್ಲಿ 80ಕ್ಕೆ 40 ಎಂದೇ ಹೇಳಿ. ಅಂಚಿನಲ್ಲಿ ನಿಂತು ತಯಾರಾದ ಮಗು ಒಂದು ಕಠಿಣ ಪತ್ರಿಕೆಗೇ ಕೆಳಗೆ ಬೀಳುತ್ತದೆ. ಮುಂದೆ ಐಟಿಐ, ಡಿಪ್ಲೊಮಾ, ಪಿಯುಸಿ ಎಲ್ಲೇ ಹೋದರೂ ಆ 40ರ ಓದು ಬೇಕೇ ಬೇಕು.

ಆಂತರಿಕ ಅಂಕದ ಬಗ್ಗೆ ಒಂದು ಮಾತು. ವರ್ಷದ ನಡುವೆ ಶಾಲೆಯಲ್ಲೇ ನಡೆಯುವ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳ ಚಟುವಟಿಕೆಗಳನ್ನು ನಿಜವಾಗಿ ಮಾಡಿಸಿ. ಸುಮ್ನೆ ಎಲ್ಲರಿಗೂ 19, 20 ಹಾಕಿಬಿಟ್ಟರೆ ಮಗುವಿಗೆ ಆದ ಲಾಭ ಕಾಗದದ ಮೇಲಷ್ಟೇ.

ಹೆಜ್ಜೆ 3: ವಿಶೇಷ ತರಗತಿಯಲ್ಲಿ ಪೆನ್ನು ಮಕ್ಕಳ ಕೈಯಲ್ಲಿರಲಿ

ಬಹುತೇಕ ಶಾಲೆಗಳಲ್ಲಿ ಬೆಳಗ್ಗೆ ಒಂದು, ಸಂಜೆ ಒಂದು ವಿಶೇಷ ತರಗತಿ ನಡೆಯುತ್ತದೆ. ಅಲ್ಲಿ ಏನಾಗುತ್ತದೆ? ಹಗಲು ಹೇಳಿದ ಪಾಠವನ್ನೇ ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳುತ್ತೇವೆ. ದಿನವಿಡೀ ಕೇಳಿ ಸುಸ್ತಾದ ಮಗು ತಲೆಯಾಡಿಸುತ್ತಾ ಕೂರುತ್ತದೆ. ಶಿಕ್ಷಕರ ಶ್ರಮ ನಿಜ, ಆದರೆ ಫಲ ಕಡಿಮೆ.

ಈ ಒಂದು ಗಂಟೆಯನ್ನು ಹೀಗೆ ಬದಲಿಸಿ ನೋಡಿ. ಮೊದಲ ಹತ್ತು ನಿಮಿಷ ನೆನಪು: ನಿನ್ನೆಯ ಪಾಠದ ಐದು ಸಣ್ಣ ಪ್ರಶ್ನೆ, ಪುಸ್ತಕ ಮುಚ್ಚಿ ಉತ್ತರ. ಆಮೇಲೆ ಅರ್ಧ ಗಂಟೆ ಬರವಣಿಗೆ: ಬೋರ್ಡಿನ ಮೇಲೆ ಮೂರೋ ನಾಲ್ಕೋ ಪ್ರಶ್ನೆ, ತರಗತಿಯಲ್ಲಿ ಸದ್ದಿಲ್ಲ, ನೀವು ಸಾಲುಗಳ ನಡುವೆ ಓಡಾಡುತ್ತಾ ನೋಡುವುದು. ಕೊನೆಯ ಇಪ್ಪತ್ತು ನಿಮಿಷ ತಿದ್ದುವುದು. ಮಾದರಿ ಉತ್ತರವನ್ನು ಬೋರ್ಡಿನ ಮೇಲೆ ಅಂಕದ ಹಂಚಿಕೆ ಸಮೇತ ಬರೆಯಿರಿ. ಸೂತ್ರಕ್ಕೆ ಎಷ್ಟು, ಬೆಲೆ ಹಾಕಿದ್ದಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು. ಪಕ್ಕದವರ ನೋಟ್‌ಬುಕ್ ಅದಲು ಬದಲು ಮಾಡಿಕೊಂಡು ಮಕ್ಕಳೇ ಅಂಕ ಹಾಕಲಿ. ಬೇರೆಯವರ ಉತ್ತರಕ್ಕೆ ಅಂಕ ಹಾಕುವಾಗ ಕಲಿಯುವಷ್ಟು ಮಗು ಬೇರೆ ಯಾವಾಗಲೂ ಕಲಿಯುವುದಿಲ್ಲ ಎಂದೇ ನನಗೆ ಅನಿಸುತ್ತದೆ.

ಎಲ್ಲ ನೋಟ್‌ಬುಕ್ಕನ್ನೂ ದಿನಾ ನೋಡಲು ಯಾರಿಂದಲೂ ಆಗದು. ದಿನಕ್ಕೆ ಏಳೆಂಟು ನೋಟ್‌ಬುಕ್ ಸರದಿಯಂತೆ ತೆಗೆದುಕೊಳ್ಳಿ. ಪುಟದ ತುಂಬಾ ಕೆಂಪು ಗೀಚಬೇಡಿ. ಈ ವಾರ ಈ ಮಗು ಬಿಡಬೇಕಾದ ತಪ್ಪು ಯಾವುದು ಎಂದು ಒಂದನ್ನೇ ಆರಿಸಿ, ಕರೆದು ತೋರಿಸಿ, ರಿಜಿಸ್ಟರ್‌ನಲ್ಲಿ ಬರೆಯಿರಿ. ಮುಂದಿನ ಸರದಿಯಲ್ಲಿ ಅದೇ ತಪ್ಪು ಹೋಗಿದೆಯೇ ನೋಡಿ. ಹೋಗಿದ್ದರೆ ಎಲ್ಲರ ಮುಂದೆ ಹೇಳಿ. ಹೊಗಳಿಕೆಯನ್ನು ಎಲ್ಲರೂ ಕೇಳಲಿ, ತಪ್ಪನ್ನು ಮಾತ್ರ ಕರೆದು ಕಿವಿಯಲ್ಲಿ ಹೇಳಿ.

ಓದಲು ತಡವರಿಸುವ ಮಕ್ಕಳಿಗೆ ಈ ಗಂಟೆ ಬೇರೆ ಥರ ಇರಬೇಕು. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳು ಅವರಿಗೆ ಹತ್ತನೇ ತರಗತಿಯ ಪ್ರಶ್ನೆ ಬೇಡ. ದಿನಾ ಗಟ್ಟಿಯಾಗಿ ಓದುವುದು, ಕಾಗುಣಿತ, ಒತ್ತಕ್ಷರ, ಉಕ್ತಲೇಖನ, ಮಗ್ಗಿ. ನಿತ್ಯ ಪತ್ರಿಕೆಯ ಒಂದು ಸುದ್ದಿ ಓದಿಸಿದರೂ ನಡೆಯುತ್ತದೆ. "ಸಿಲೆಬಸ್ ಹಿಂದೆ ಬೀಳ್ತದ" ಎಂಬ ಭಯ ಸಹಜ. ಆದರೆ ಪ್ರಶ್ನೆಯನ್ನೇ ಓದಲಾಗದ ಮಗುವಿಗೆ ಸಿಲೆಬಸ್ ಮುಗಿಸಿ ಏನು ಮಾಡುತ್ತೀರಿ? ಓದು ಬಂದ ಮೇಲೆ ಆ ಮಗು ಸಮಾಜ ವಿಜ್ಞಾನ, ಕನ್ನಡ ಎರಡರಲ್ಲೂ ತಾನಾಗಿಯೇ ಮೇಲೆ ಬರುತ್ತದೆ.

ಹೆಜ್ಜೆ 4: ಒಂದೊಂದು ವಿಷಯದಲ್ಲಿ ಅಂಕ ಎಲ್ಲಿ ಸೋರುತ್ತದೆ

ಗಣಿತದಿಂದಲೇ ಶುರು ಮಾಡೋಣ. ಜಾಸ್ತಿ ಮಕ್ಕಳು ಬೀಳುವುದು ಅಲ್ಲೇ.

ಸಮಾಂತರ ಶ್ರೇಢಿ ತೆಗೆದುಕೊಳ್ಳಿ. 5, 8, 11 ಎಂದು ಹೋಗುವ ಶ್ರೇಢಿಯ 20ನೇ ಪದ ಕೇಳಿದ್ದಾರೆ. ಮೊದಲ ಪದ 5, ಸಾಮಾನ್ಯ ವ್ಯತ್ಯಾಸ 3. ಸೂತ್ರಕ್ಕೆ ಬೆಲೆ ಹಾಕಿದರೆ 5 + 19 × 3. ಉತ್ತರ 62. ತುಂಬಾ ಮಕ್ಕಳು 72 ಬರೆಯುತ್ತಾರೆ. ಯಾಕೆ? 5ಕ್ಕೆ 19 ಮೊದಲು ಕೂಡಿಸಿ 24 ಮಾಡಿ, ಆಮೇಲೆ 3ರಿಂದ ಗುಣಿಸಿರುತ್ತಾರೆ. ಈ ಮಗುವಿಗೆ ಶ್ರೇಢಿ ಚೆನ್ನಾಗಿ ಬರುತ್ತದೆ. ಗುಣಾಕಾರ ಮೊದಲು, ಸಂಕಲನ ಆಮೇಲೆ ಎನ್ನುವ ಆರನೇ ತರಗತಿಯ ಮಾತು ಬಿಟ್ಟುಹೋಗಿದೆ. ನೀವು ಶ್ರೇಢಿಯ ಅಧ್ಯಾಯ ಇನ್ನೊಮ್ಮೆ ಪಾಠ ಮಾಡಿದರೂ ಅದು 72 ಅನ್ನೇ ಬರೆಯುತ್ತದೆ. ಕ್ರಮದ ಲೆಕ್ಕ ಹತ್ತು ಬಿಡಿಸಿದರೆ ಆ ತಪ್ಪು ಎಲ್ಲ ಅಧ್ಯಾಯಗಳಿಂದಲೂ ಹೋಗುತ್ತದೆ. ಅದಕ್ಕೇ ತಪ್ಪಿನ ರಿಜಿಸ್ಟರ್‌ಗೆ ನಾನು ಇಷ್ಟು ಒತ್ತು ಕೊಡುವುದು.

ಹಿಂದಿರುವ ಮಕ್ಕಳಿಗೆ ಅಧ್ಯಾಯಗಳ ಕ್ರಮ ಬದಲಿಸಿ. ಮೊದಲು ಸಮಾಂತರ ಶ್ರೇಢಿ, ರೇಖಾತ್ಮಕ ಸಮೀಕರಣಗಳ ಜೋಡಿ, ಸಂಖ್ಯಾಶಾಸ್ತ್ರ, ಸಂಭವನೀಯತೆ. ಇವುಗಳಲ್ಲಿ ಹೆಜ್ಜೆಗಳು ಹೆಚ್ಚು ಬದಲಾಗುವುದಿಲ್ಲ. ಸಮೀಕರಣಗಳ ನಕ್ಷೆಯನ್ನು ಗ್ರಾಫ್ ಹಾಳೆಯ ಮೇಲೆ ಕೈಯಾರೆ ಎಳೆಸಿ. ಎರಡು ಕೋಷ್ಟಕ, ಎರಡು ಗೆರೆ, ಕೂಡುವ ಬಿಂದು. ಮೂರು ನಾಲ್ಕು ಸಲ ತಾನೇ ಮಾಡಿದ ಮಗು ಮರೆಯುವುದಿಲ್ಲ. ಆಮೇಲೆ ವರ್ಗ ಸಮೀಕರಣವನ್ನು ಸೂತ್ರದಿಂದ ಬಿಡಿಸುವುದು, ನಿರ್ದೇಶಾಂಕದಲ್ಲಿ ದೂರದ ಸೂತ್ರ, ತ್ರಿಕೋನಮಿತಿಯ ಬೆಲೆಗಳ ಕೋಷ್ಟಕ. ಪ್ರಮೇಯಗಳಲ್ಲಿ ಎರಡನ್ನು ಗಟ್ಟಿ ಮಾಡಿಸಿ: ಥೇಲ್ಸ್ ಪ್ರಮೇಯ, ಮತ್ತು ಬಾಹ್ಯ ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬುದು. ಪೂರ್ತಿ ಸಾಧನೆ ಬರದಿದ್ದರೂ ಚಿತ್ರ, ದತ್ತ, ಸಾಧನೀಯ ಬರೆಯುವ ರೂಢಿ ಆಗಲಿ. ಅಷ್ಟಕ್ಕೂ ಅಂಕ ಇದೆ. ಖಾಲಿ ಬಿಟ್ಟ ಜಾಗಕ್ಕೆ ಮಾತ್ರ ಸೊನ್ನೆ.

ವಿಜ್ಞಾನದಲ್ಲಿ ಚಿತ್ರಗಳು. ಹೃದಯದ ನೀಳಛೇದ, ಮೆದುಳು, ನೆಫ್ರಾನ್, ಹೂವಿನ ಭಾಗಗಳು, ಪೀನ ಮಸೂರದಲ್ಲಿ ಪ್ರತಿಬಿಂಬ ಮೂಡುವ ರೇಖಾಚಿತ್ರ. ವಾರಕ್ಕೆ ಒಂದೇ ಚಿತ್ರ ಹಿಡಿಯಿರಿ. ಸೋಮವಾರ ನೋಡಿ ಬರೆಯಲಿ, ಬುಧವಾರ ನೋಡದೆ, ಶನಿವಾರ ನೋಡದೆ ಭಾಗ ಗುರುತಿಸಿ. ಕಲಾವಿದರಾಗಬೇಕಿಲ್ಲ. ಗೆರೆ ಸ್ಪಷ್ಟ, ಹೆಸರು ಸರಿಯಾದ ಜಾಗಕ್ಕೆ, ಅಷ್ಟೇ. ರಾಸಾಯನಿಕ ಸಮೀಕರಣ ಸರಿದೂಗಿಸುವುದನ್ನು ದಿನಾ ಎರಡರಂತೆ ಮಾಡಿಸಿ. ಕಾರ್ಬನ್ ಸಂಯುಕ್ತಗಳ ಪಾಠದಲ್ಲಿ ಎಥನಾಲ್ ಬಂದಾಗ ಸಕ್ಕರೆ ಕಾರ್ಖಾನೆಯ ಮಾತು ತೆಗೆಯಿರಿ. ಕಬ್ಬಿನ ರಸದಿಂದ ಸಕ್ಕರೆ ತೆಗೆದು ಉಳಿಯುವ ಕಾಕಂಬಿಯಿಂದಲೂ ಅದನ್ನು ಮಾಡುತ್ತಾರೆ ಎಂದಾಗ, ಆ ವಾಸನೆ ಮೂಗಿಗೆ ಪರಿಚಯ ಇರುವ ನಮ್ಮ ಮಕ್ಕಳಿಗೆ ಪಾಠ ಊರಿನ ಮಾತಾಗುತ್ತದೆ.

ಸಮಾಜ ವಿಜ್ಞಾನದಲ್ಲೂ ಅಷ್ಟೇ. ಬ್ರಿಟಿಷ್ ಆಳ್ವಿಕೆಗೆ ಕರ್ನಾಟಕದ ಪ್ರತಿರೋಧದ ಪಾಠ ನಮ್ಮ ನೆಲದ್ದು. 1824ರ ಕಿತ್ತೂರು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣ, 1857ರ ಹಲಗಲಿಯ ಬೇಡರು. ಹಲಗಲಿ, ಕಿತ್ತೂರು, ನಂದಗಡ ಮೂರರಲ್ಲಿ ಯಾವುದು ಹತ್ತಿರವೋ ಅಲ್ಲಿಗೆ ಒಂದು ಶನಿವಾರ ಕರೆದುಕೊಂಡು ಹೋಗಿ. ಬಂದ ಮೇಲೆ ಎಂಟು ವಾಕ್ಯ ಬರೆಸಿ. ಭಾರತದ ನಕ್ಷೆಗೆ ಐದು ಅಂಕ. ವಾರಕ್ಕೊಮ್ಮೆ ಕೈಯಲ್ಲಿ ನಕ್ಷೆ ಬರೆದು ಮೂರು ಸ್ಥಳ ಗುರುತಿಸಿದರೆ ಫೆಬ್ರವರಿ ಹೊತ್ತಿಗೆ ಅದು ಯಾರಿಗೂ ಭಾರ ಅನಿಸುವುದಿಲ್ಲ.

ಇಂಗ್ಲಿಷಿಗೆ ಹೆದರುವ ಮಕ್ಕಳಿಗೆ ಪತ್ರ, ಕೊಟ್ಟ ಅಂಶಗಳಿಂದ ವ್ಯಕ್ತಿಯ ಪರಿಚಯ, ಚಿತ್ರ ನೋಡಿ ಬರೆಯುವುದು, ಕಂಠಪಾಠದ ಪದ್ಯ, ಗದ್ಯಭಾಗ ಓದಿ ಉತ್ತರಿಸುವುದು. ಇವು ಮೊದಲು. ಸರಳ ವಾಕ್ಯದ ಐದಾರು ಚೌಕಟ್ಟು ಕೊಟ್ಟು, ಅವುಗಳಲ್ಲಿ ತಮ್ಮ ಊರು, ತಮ್ಮ ಮನೆ, ತಮ್ಮ ಎಮ್ಮೆಯ ಬಗ್ಗೆ ಬರೆಸಿ.

ಕನ್ನಡ ಮನೆಮಾತು, ತಾನಾಗೇ ಬರುತ್ತದೆ ಎಂದು ಬಿಡಬೇಡಿ. 125 ಅಂಕದ ವಿಷಯ ಅದು. ಮನೆಯಲ್ಲಿ "ಹೋಗ್ಯಾನ, ಬಂದಾನ" ಎನ್ನುವ ಮಗು ಉತ್ತರದಲ್ಲೂ ಹಾಗೇ ಬರೆಯುತ್ತದೆ. ಆ ಮಾತು ತಪ್ಪು ಎಂದು ಎಂದೂ ಹೇಳಬೇಡಿ. ಅದು ಮನೆಯ ಮಾತು, ಇದು ಪರೀಕ್ಷೆಯ ಬರಹ, ಎರಡೂ ಬರಬೇಕು ಎಂದು ಹೇಳಿ. ಗಾದೆ ವಿಸ್ತರಣೆ, ಪತ್ರ, ಪ್ರಬಂಧಗಳಲ್ಲಿ ನಮ್ಮ ಮಕ್ಕಳ ಬಳಿ ಹೇಳಲು ಬೇಕಾದಷ್ಟಿದೆ. ಹಿಂದಿಗೆ ಪ್ರಶ್ನೋತ್ತರದ ಜೊತೆ ಪತ್ರಲೇಖನ ಅಭ್ಯಾಸವಾದರೆ ಸಾಕು, ಅದು ಹೆಚ್ಚು ಮಕ್ಕಳನ್ನು ಬೀಳಿಸುವ ವಿಷಯವಲ್ಲ.

ಹೆಜ್ಜೆ 5: ಊರಿನ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ವೇಳಾಪಟ್ಟಿ ಮಾಡಿ

ಬೇರೆ ಕಡೆಯಿಂದ ಬಂದ ಯಾವ ಕ್ರಿಯಾಯೋಜನೆಯೂ ನಮಗೆ ಹಾಗೇ ಹೊಂದುವುದಿಲ್ಲ. ಶಾಲೆಯ ಕ್ಯಾಲೆಂಡರ್ ಒಂದು ಇದ್ದರೆ ಊರಿನದೇ ಇನ್ನೊಂದು.

ಅಕ್ಟೋಬರ್, ನವೆಂಬರ್‌ಗೆ ಸಕ್ಕರೆ ಕಾರ್ಖಾನೆಗಳು ಶುರುವಾಗುತ್ತವೆ. ಕಬ್ಬಿನ ಗ್ಯಾಂಗಿನ ಜೊತೆ ತಾಂಡಾಗಳಿಂದ, ಒಣಬೇಸಾಯದ ಹಳ್ಳಿಗಳಿಂದ ಮನೆಮಂದಿಯೆಲ್ಲ ಹೋಗುತ್ತಾರೆ. ಮಗು ಜೊತೆಗೆ ಹೋದರೆ ಫೆಬ್ರವರಿವರೆಗೆ ಬರುವುದಿಲ್ಲ, ಹಾಜರಾತಿ ಶೇ 75 ಮುಟ್ಟುವುದಿಲ್ಲ. ಜೂನ್‌ನಲ್ಲೇ ರಿಜಿಸ್ಟರ್ ನೋಡಿ ಅಂಥ ಮನೆಗಳಿಗೆ ಹೋಗಿ. ಅಜ್ಜಿ, ಕಾಕಾ, ಸೋದರಮಾವ ಯಾರ ಮನೆಯಲ್ಲಾದರೂ ಮಗು ಉಳಿಯಬಹುದೇ ಕೇಳಿ. ಆಗದಿದ್ದರೆ ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ಹಾಸ್ಟೆಲ್‌ಗೆ ಅರ್ಜಿ ಹಾಕಿಸಿ. ಅಕ್ಟೋಬರ್‌ನಲ್ಲಿ ಟ್ರ್ಯಾಕ್ಟರ್ ಹತ್ತಿದ ಮೇಲೆ ಫೋನ್ ಮಾಡಿ ಪ್ರಯೋಜನ ಕಡಿಮೆ.

ರಬಕವಿ-ಬನಹಟ್ಟಿ, ಇಳಕಲ್, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಮಕ್ಕಳು ಸಂಜೆ ಕಂಡಿಕೆ (ಮಗ್ಗದ ನೂಲಿನ ಸುರುಳಿ) ಸುತ್ತಲು ಕೂರುತ್ತಾರೆ. ತಿಕೋಟಾ, ಬಬಲೇಶ್ವರ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ದ್ರಾಕ್ಷಿ ಕೆಲಸ. ಬೇರೆಡೆ ಬಿಳಿಜೋಳದ ಸುಗ್ಗಿ, ಕಡಲೆ ಕೀಳುವುದು. ಪಾಲಕರಿಗೆ "ಕೆಲಸ ಹಚ್ಚಬೇಡಿ" ಎಂದು ಭಾಷಣ ಮಾಡಿದರೆ ಕೇಳುವುದಿಲ್ಲ, ಕೇಳುವ ಸ್ಥಿತಿಯಲ್ಲೂ ಅವರು ಇರುವುದಿಲ್ಲ. "ಅಣ್ಣಾರ, ಸಂಜೀ ಐದರಿಂದ ಎಂಟರತನಕ ನಮಗ ಬಿಡ್ರಿ, ಉಳಿದದ್ದು ನಿಮ್ಮದು" ಎಂದು ಗಂಟೆ ಹೇಳಿ ಕೇಳಿ. ಒಪ್ಪುತ್ತಾರೆ. ಪಾಲಕರ ಸಭೆಯನ್ನೂ ಹಗಲು ಹನ್ನೊಂದಕ್ಕೆ ಕರೆಯಬೇಡಿ. ಕೂಲಿ ಬಿಟ್ಟು ಬರುವವರು ಯಾರು? ಸಂಜೆ ಏಳಕ್ಕೆ ಗುಡಿಯ ಕಟ್ಟೆಯ ಮೇಲೋ ಸಮುದಾಯ ಭವನದಲ್ಲೋ ಸೇರಿಸಿ. ಮಗುವಿನ ನೋಟ್‌ಬುಕ್ ತೋರಿಸಿ ಮಾತಾಡಿ. ಅಕ್ಷರ ಬಾರದ ಅವ್ವನಿಗೂ ಖಾಲಿ ಪುಟ ಯಾವುದು, ತುಂಬಿದ ಪುಟ ಯಾವುದು ಎಂದು ಕಣ್ಣಿಗೆ ಕಾಣುತ್ತದೆ.

ಜಾತ್ರೆ, ಹಬ್ಬಗಳಿಗೆ ಅಡ್ಡ ನಿಲ್ಲಬೇಡಿ. ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋಗದ ಮಗು ಯಾವುದು? ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡ. ಆ ದಿನಗಳಲ್ಲಿ ಪರೀಕ್ಷೆ ಇಡದೆ ಮೊದಲೇ ರಜೆ ಗುರುತಿಸಿ, "ಒಂದು ದಿನ ಹೋಗಿ ಬಾ, ಮರುದಿನ ಬೆಳಗ್ಗೆ ಇಲ್ಲಿರು" ಎಂದು ಮಾತು ತೆಗೆದುಕೊಳ್ಳಿ. ಹೋಳಿಯ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಬಾಗಲಕೋಟೆಯಲ್ಲಿ ಬಣ್ಣ ದಿನಗಟ್ಟಲೆ ನಡೆಯುತ್ತದೆ, ಹಲಗೆಯ ಸದ್ದು ರಾತ್ರಿಯೆಲ್ಲ ಇರುತ್ತದೆ. 2024ರಲ್ಲಿ ಪರೀಕ್ಷೆ ಶುರುವಾದ ಮಾರ್ಚ್ 25 ಹೋಳಿಯ ದಿನವೇ ಆಗಿತ್ತು. ಓಣಿಯ ಹಿರಿಯರ ಬಳಿ ಹೋಗಿ, ಪರೀಕ್ಷೆಯ ಮಕ್ಕಳಿರುವ ಓಣಿಯಲ್ಲಿ ರಾತ್ರಿ ಒಂಬತ್ತರ ಮೇಲೆ ಹಲಗೆ ಬೇಡ ಎಂದು ಕೇಳಿಕೊಳ್ಳಿ. ಊರು ಈ ಮಾತಿಗೆ ಬೆಲೆ ಕೊಡುತ್ತದೆ.

ಹೆಣ್ಣುಮಕ್ಕಳ ಬಗ್ಗೆ ಬೇರೆಯೇ ಎಚ್ಚರ ಬೇಕು. ಎರಡು ವಾರ ಹುಡುಗಿ ಬರದಿದ್ದರೆ ಜ್ವರ ಎಂಬ ಕಾರಣವನ್ನು ನಂಬಿ ಕೂರಬೇಡಿ, ಮನೆಗೆ ಹೋಗಿ. ಮದುವೆಯ ಮಾತು ನಡೆದಿದ್ದರೆ ಮೊದಲು ಅವ್ವನ ಜೊತೆ ಮಾತಾಡಿ. 18 ತುಂಬುವ ಮೊದಲು ಮದುವೆ ಕಾನೂನಿಗೆ ವಿರುದ್ಧ. ಮಾತು ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ಹಿಂಜರಿಯಬೇಡಿ.

ಹೆಜ್ಜೆ 6: ಸಂಜೆ ಓದಲು ಒಂದು ಜಾಗ

ಎರಡು ಕೋಣೆಯ ಮನೆ, ಟಿವಿ, ತಮ್ಮ ತಂಗಿಯರ ಗಲಾಟೆ, ಹೋಗಿ ಬರುವ ಕರೆಂಟು. ಅಲ್ಲಿ "ಮನೆಯಲ್ಲಿ ಓದು" ಎಂದರೆ ಆಗದ ಮಾತು. ಡಿಸೆಂಬರ್‌ನಿಂದ ಶಾಲೆಯನ್ನೇ ರಾತ್ರಿ ಎಂಟರವರೆಗೆ ತೆರೆದಿಡಿ. ದೂರದ ಮಕ್ಕಳಿಗೆ ಅವರವರ ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯ ಇದೆ. ಶಿಕ್ಷಕರು ಸರದಿ ಹಾಕಿಕೊಳ್ಳಿ, ಒಬ್ಬರೇ ಹೊರಬೇಡಿ. ಹುಡುಗಿಯರು ಸುರಕ್ಷಿತವಾಗಿ ಮನೆ ಸೇರುವ ವ್ಯವಸ್ಥೆ ಆಗಬೇಕು: ಕೊನೆಯ ಬಸ್ಸಿನ ಹೊತ್ತು ನೋಡಿ ಬಿಡಿ, ಅಥವಾ ಪಾಲಕರು ಬಂದು ಕರೆದೊಯ್ಯಲಿ.

ಹೊಟ್ಟೆ ಹಸಿದವರು ಓದಲಾರರು. ಮಧ್ಯಾಹ್ನದ ಊಟದ ಮೇಲೆ ಎಂಟರವರೆಗೆ ಏನೂ ಇಲ್ಲವೆಂದರೆ ಆಗದು. ಎಸ್‌ಡಿಎಂಸಿಯವರನ್ನು, ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಚುರುಮುರಿ, ಶೇಂಗಾ, ಬೆಲ್ಲ, ಬಾಳೆಹಣ್ಣು. ನಮ್ಮ ಊರುಗಳಲ್ಲಿ ಮಕ್ಕಳ ಊಟಕ್ಕೆ ಎಂದರೆ ಇಲ್ಲ ಎನ್ನುವವರು ಕಡಿಮೆ.

ಇಲ್ಲಿ ಗುಂಪು ಓದು ಎಂದರೆ ನಾಲ್ಕು ಮಕ್ಕಳ ಗುಂಪು, ಅದರಲ್ಲಿ ಒಬ್ಬ ಮುಂದಿರುವವನು. ಅವನು ಹೇಳಿಕೊಡಲಿ. 600ರ ಆಸೆ ಇಟ್ಟುಕೊಂಡ ಮಕ್ಕಳಿಗೆ ಇದರಿಂದ ನಷ್ಟ ಎಂದು ಕೆಲವು ಪಾಲಕರು ತಕರಾರು ತೆಗೆಯುತ್ತಾರೆ. ಹೇಳಿಕೊಟ್ಟವರಿಗೇ ವಿಷಯ ಜಾಸ್ತಿ ಗಟ್ಟಿಯಾಗುತ್ತದೆ ಎಂದು ವಿವರಿಸಿ. ಆ ಮಕ್ಕಳಿಗೆ ಬೇರೆಯಾಗಿ ವಾರಕ್ಕೆರಡು ದಿನ ಪಠ್ಯದ ಒಳಗಿನ ಕಠಿಣ ಪ್ರಶ್ನೆ, ನಾಲ್ಕು ಐದು ಅಂಕದ ಲೆಕ್ಕಗಳನ್ನು ಸಮಯ ಇಟ್ಟು ಬರೆಸಿ.

ಹೆಜ್ಜೆ 7: ಪೂರ್ವಸಿದ್ಧತಾ ಪರೀಕ್ಷೆಯ ಮರುದಿನ

ಪರೀಕ್ಷೆಯನ್ನು ನಿಜವಾದ ಪರೀಕ್ಷೆಯಂತೆ ನಡೆಸಿ. ಬೇರೆ ಬೇರೆ ಬೆಂಚು, ಪೂರ್ತಿ ಸಮಯ, ನಡುವೆ ಹೊರಗೆ ಬಿಡುವುದಿಲ್ಲ. ಮೂರು ಗಂಟೆ ಕೂತು ಬರೆಯುವುದೇ ಒಂದು ಕಲಿಕೆ. ಎಷ್ಟೋ ಮಕ್ಕಳು ಒಂದೂವರೆ ಗಂಟೆಗೇ ಪೆನ್ನು ಮುಚ್ಚುತ್ತಾರೆ.

ಹೆಚ್ಚಿನ ಲಾಭ ಇರುವುದು ಉತ್ತರಪತ್ರಿಕೆ ವಾಪಸ್ ಕೊಟ್ಟ ದಿನ. ಪ್ರತಿ ಮಗುವಿಗೆ ಒಂದು ಹಾಳೆ ಕೊಟ್ಟು ತಾನು ಕಳೆದುಕೊಂಡ ಒಂದೊಂದು ಅಂಕಕ್ಕೂ ಕಾರಣ ಬರೆಸಿ: ಗೊತ್ತಿರಲಿಲ್ಲ, ಗೊತ್ತಿತ್ತು ಮರೆತೆ, ಪ್ರಶ್ನೆ ತಪ್ಪು ಓದಿದೆ, ಲೆಕ್ಕ ತಪ್ಪಿತು, ಸಮಯ ಸಾಲಲಿಲ್ಲ, ಬಿಟ್ಟುಬಿಟ್ಟೆ. "ಬಿಟ್ಟುಬಿಟ್ಟೆ" ಎಂಬುದರ ಅಂಕ ಕೂಡಿಸಿ ನೋಡಿದಾಗ ಮಕ್ಕಳೇ ಬೆಚ್ಚುತ್ತಾರೆ. ಎರಡನೇ ಪೂರ್ವಸಿದ್ಧತಾ ಪರೀಕ್ಷೆಗೆ ಒಬ್ಬೊಬ್ಬರ ಗುರಿ ಅದೇ ಹಾಳೆಯಿಂದ ಬರಲಿ.

ಫೆಬ್ರವರಿಯಲ್ಲಿ "ಪಾಸಿಂಗ್ ಪ್ಯಾಕೇಜ್", ಅಂದರೆ ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ ಕಟ್ಟು, ಹಂಚುವ ಸಂಪ್ರದಾಯ ಇದೆ. ಅದನ್ನು ನಾನು ಬೇಡ ಎನ್ನುವುದಿಲ್ಲ. ತಯಾರಾದ ಮಗುವಿಗೆ ಅದು ಒಳ್ಳೆಯ ಪುನರಾವರ್ತನೆ. ಆದರೆ ಓದಲು ಬಾರದ ಮಗುವಿಗೆ ಅದನ್ನು ಕೊಟ್ಟು ಬಾಯಿಪಾಠ ಮಾಡು ಎಂದರೆ ಪ್ರಶ್ನೆ ಸ್ವಲ್ಪ ತಿರುಗಿದರೂ ಕೈ ನಿಲ್ಲುತ್ತದೆ. ನಕಲಿನ ಬಗ್ಗೆಯೂ ನೇರವಾಗಿ ಹೇಳಿ: ಕೊಠಡಿಯಲ್ಲಿ ಕ್ಯಾಮೆರಾ ಇದೆ, ಯಾರೂ ಬಂದು ಹೇಳಿಕೊಡುವುದಿಲ್ಲ, ನೀನು ಬರೆದದ್ದೇ ನಿನ್ನದು. ಈ ಮಾತನ್ನು ಜೂನ್‌ನಿಂದ ಹೇಳುತ್ತಾ ಬಂದರೆ ಮಕ್ಕಳು ನಂಬುತ್ತಾರೆ, ತಯಾರಾಗುತ್ತಾರೆ.

ಹೆಜ್ಜೆ 8: ಪರೀಕ್ಷೆಯ ದಿನಗಳು

ಪರೀಕ್ಷಾ ಕೇಂದ್ರ ಬೇರೆ ಊರಲ್ಲಿದ್ದರೆ ಮೊದಲೇ ಒಂದು ದಿನ ಕರೆದೊಯ್ದು ತೋರಿಸಿ. ಯಾವ ಬಸ್ಸು, ಎಷ್ಟು ಹೊತ್ತಿಗೆ, ತಪ್ಪಿದರೆ ಇನ್ನೊಂದು ಯಾವುದು ಎಂದು ಬರೆದು ಕೊಡಿ. ಮಾರ್ಚ್ ಬಿಸಿಲು ನಮ್ಮ ಕಡೆ ಗೊತ್ತಲ್ಲ. ನೀರಿನ ಬಾಟಲಿ, ಬೆಳಗ್ಗೆ ರೊಟ್ಟಿ ಮೊಸರು ತಿಂದು ಬರುವುದು. ರಾತ್ರಿಯಿಡೀ ಓದಿ ಬರುವುದು ಬೇಡ.

ಪ್ರಶ್ನೆಪತ್ರಿಕೆ ಓದಲು ಸಿಗುವ 15 ನಿಮಿಷದ ಬಳಕೆಯನ್ನು ತರಗತಿಯಲ್ಲೇ ಅಭ್ಯಾಸ ಮಾಡಿಸಿ. ಪೂರ್ತಿ ಓದುವುದು, ಚೆನ್ನಾಗಿ ಬರುವ ಪ್ರಶ್ನೆ ಮನಸ್ಸಿನಲ್ಲಿ ಗುರುತಿಸುವುದು, "ಅಥವಾ" ಇರುವಲ್ಲಿ ಯಾವುದು ಎಂದು ಆರಿಸುವುದು. ಎರಡನ್ನೂ ಬರೆದು ಸಮಯ ಕಳೆಯುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ. ಪ್ರಶ್ನೆಯ ಸಂಖ್ಯೆ ಸರಿಯಾಗಿ ಹಾಕುವುದು, ಬಹು ಆಯ್ಕೆಯಲ್ಲಿ ಅಕ್ಷರದ ಜೊತೆ ಉತ್ತರವನ್ನೂ ಬರೆಯುವುದು, ಕೊನೆಯ ಹತ್ತು ನಿಮಿಷ ಬಿಟ್ಟ ಪ್ರಶ್ನೆಗಳಿಗೆ ಗೊತ್ತಿದ್ದಷ್ಟು ಬರೆಯುವುದು.

ಹೊರಗೆ ಬಂದ ಮಗುವಿನ ಜೊತೆ ಉತ್ತರಗಳ ಲೆಕ್ಕ ಹಾಕುತ್ತಾ ನಿಲ್ಲಬೇಡಿ. "ಆತಲ್ಲ, ನಡಿ ತಂಗಿ, ನಾಡದು ವಿಜ್ಞಾನ" ಎಂದು ಮುಂದಕ್ಕೆ ಕಳಿಸಿ.

ಹೆಜ್ಜೆ 9: ಫಲಿತಾಂಶ ಬಂದ ಸಂಜೆ

ಪಾಸಾದವರು ಪೇಡೆ ತರುತ್ತಾರೆ. ಅವರ ಸಂತೋಷದಲ್ಲಿ ಸೇರಿ, ಆದರೆ ಆ ಸಂಜೆ ನೀವು ಹೋಗಬೇಕಾದದ್ದು ಬಿದ್ದ ಮಕ್ಕಳ ಮನೆಗೆ. ಆ ರಾತ್ರಿ ಅವರನ್ನು ಒಂಟಿಯಾಗಿ ಬಿಡಬಾರದು ಎಂದು ಮನೆಯವರಿಗೆ ಹೇಳಿ. ಬೈಯಬೇಡಿ, ಹೋಲಿಸಬೇಡಿ ಎಂದು ಅಪ್ಪನಿಗೆ ಕೈ ಹಿಡಿದು ಹೇಳಿ.

ಆಮೇಲೆ ದಾರಿ ವಿವರಿಸಿ. 2023-24ರಲ್ಲಿ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಪದ್ಧತಿ ಬಂತು. ಪರೀಕ್ಷೆ-1ರಲ್ಲಿ ಹೋದ ವಿಷಯವನ್ನು ಪರೀಕ್ಷೆ-2ರಲ್ಲಿ ಬರೆಯಬಹುದು. ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಕೂರಬಹುದು. ಅಂಕದ ಬಗ್ಗೆ ಅನುಮಾನ ಇದ್ದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತೆಗೆಸಿ, ನೀವೇ ಕೂತು ನೋಡಿ, ಅಂಕ ಹೆಚ್ಚುವ ಸಾಧ್ಯತೆ ಕಂಡರೆ ಮಾತ್ರ ಮರುಮೌಲ್ಯಮಾಪನಕ್ಕೆ ಹಾಕಿಸಿ. ಸ್ಕ್ಯಾನ್ ಪ್ರತಿಯಿಂದ ಇನ್ನೊಂದು ಲಾಭವೂ ಇದೆ: ಮಗು ಎಲ್ಲಿ ಅಂಕ ಬಿಟ್ಟಿತು ಎಂಬುದು ಅದರಲ್ಲೇ ಕಾಣುತ್ತದೆ, ಪರೀಕ್ಷೆ-2ರ ತಯಾರಿ ಅಲ್ಲಿಂದಲೇ ಶುರು ಮಾಡಬಹುದು.

ಅರ್ಜಿ ಹಾಕುವ ದಿನಗಳು ತುಂಬಾ ಕಡಿಮೆ. ಮಗು ಬರಲಿ ಎಂದು ಕಾಯಬೇಡಿ, ಪಟ್ಟಿ ಹಿಡಿದು ನೀವೇ ಕರೆ ಮಾಡಿ. ಬೇಸಿಗೆ ರಜೆಯಾದ್ದರಿಂದ ಕೆಲವರು ಗೋವಾಕ್ಕೆ, ಕೊಲ್ಹಾಪುರಕ್ಕೆ ದುಡಿಯಲು ಹೋಗಿಬಿಟ್ಟಿರುತ್ತಾರೆ. ಅವರ ಊರಿನ ಗೆಳೆಯರಿಗೆ ಹೇಳಿ ಕರೆಸಿ. ಒಂದೆರಡು ವಿಷಯಕ್ಕೆ ಕೂತಿರುವ ಏಳೆಂಟು ಮಕ್ಕಳಿಗೆ ದಿನಾ ಬೆಳಗ್ಗೆ ಎಂಟರಿಂದ ಹತ್ತು, ಬಿಸಿಲೇರುವ ಮೊದಲು, ಅದೇ ಕ್ರಮದಲ್ಲಿ ತರಗತಿ ನಡೆಸಿ: ಹತ್ತು ನಿಮಿಷ ನೆನಪು, ಜಾಸ್ತಿ ಹೊತ್ತು ಬರವಣಿಗೆ, ಅಲ್ಲೇ ತಿದ್ದುವುದು. ಮಕ್ಕಳು ಕಡಿಮೆ ಇರುವುದರಿಂದ ಈಗ ಪ್ರತಿಯೊಬ್ಬರ ನೋಟ್‌ಬುಕ್ಕನ್ನೂ ದಿನಾ ನೋಡಬಹುದು. ಅಷ್ಟರಲ್ಲಿ ಹೊಸ ಹತ್ತನೇ ತರಗತಿ ಶಾಲೆಗೆ ಬರುತ್ತದೆ. ಅವರ ರಿಜಿಸ್ಟರ್‌ಗೆ ಗೆರೆ ಹೊಡೆಯುವ ಕೆಲಸವನ್ನು ಮೇ ಕೊನೆಯ ವಾರದಲ್ಲೇ ಮುಗಿಸಿಟ್ಟುಕೊಳ್ಳಿ.